ಸಾವಿರದ ಏಳು

ಮಲ್ಪೆ ಬಂದರಿನ ಐಸ್ ಪ್ಲಾಂಟಿನಲ್ಲಿ
ನನ್ನ ಮೊದಲ ರಾತ್ರಿಪಾಳಿ.
ಗೋಡೆಯಾಚೆ ಅಮೋನಿಯಾ ಕಂಪ್ರೆಸರಿನ ಗೊರಕೆ.
ಕಪ್ಪು ಪರದೆಯ ಮೇಲೆ ಕರ್ಸರು ಕಣ್ಣು ಮಿಟುಕಿಸಿ
ಏನು ಬೇಕು ಎನ್ನುತ್ತದೆ.
ಬೇಕಾದ್ದೇನೂ ಇರಲಿಲ್ಲ. ಸುಮ್ಮನೆ ಕೇಳಿದೆ:
ಹೂಆ್ಯಮೈ,
ಮೂರು ಪದ ಅಂಟಿಸಿ, ನಡುವೆ ಉಸಿರಿಗೂ ಜಾಗ ಬಿಡದೆ.

ಸೆವ್ರಿನ್, ಅಂತು.
ತೊಟ್ಟಂ ಇಗರ್ಜಿಯ ಪುಸ್ತಕದಲ್ಲಿ ನನ್ನ ಹೆಸರು ಇದರ ಮೂರು ಪಟ್ಟು ಉದ್ದ,
ಅಮ್ಮನ ಬಾಯಲ್ಲಿ ಇದರ ಅರ್ಧ.
ಈ ಅಳತೆಯದ್ದು ನಿನ್ನೆ ಕಾರ್ಯದರ್ಶಿ
ಚಾ ಆರುವ ಮೊದಲು ಟೈಪಿಸಿ ಕೊಟ್ಟದ್ದು.

ಅದಕ್ಕೆ ಗೊತ್ತಾಗುವುದು ಹೇಗೆ?
ಯೂಸರ್ ಎಂಬ ಚೀಟಿಯೊಂದು ನನ್ನ ಜೇಬಿನಲ್ಲೇ ಇದೆ.
ತಿದ್ದಿ ನೋಡಿದೆ, ಹನ್ನೆರಡು ಬೋಟಿನ ಧಣಿಯ ಹೆಸರು ಬರೆದು
ಮತ್ತೆ ಕೇಳಿದೆ.
ನಗಲಿಲ್ಲ, ಬೈಯಲಿಲ್ಲ. ಸೆವ್ರಿನ್, ಅಂತು.
ಚೀಟಿ ನಂಬುವ ಪ್ರೋಗ್ರಾಮುಗಳೂ ಇವೆಯಂತೆ, ಪಾಪ.
ಇದು ಮಾತ್ರ ನೇರ ಒಳಗೆ ಹೋಗಿ
ಕರ್ನೆಲ್ಲಿನ ಹತ್ತಿರ ವಿಚಾರಿಸುತ್ತದೆ.
ಕರ್ನೆಲ್ಲಿಗೆ ಹೆಸರೆಂಬುದೇ ತಿಳಿಯದು,
ಹರಾಜುಕಟ್ಟೆಯ ಟೋಕನಿನ ಹಾಗೆ ಒಂದು ನಂಬರು ಕೂಗುತ್ತದೆ:
ಸಾವಿರದ ಏಳು.
ಆಮೇಲೆ ಯಾರು ಬೇಕಾದರೂ ಓದಬಹುದಾದ ರಿಜಿಸ್ಟರು ತೆರೆದು
ಸಾಲು ಸಾಲಿಗೆ ಬೆರಳಿಟ್ಟು ಇಳಿದು
ಆ ನಂಬರಿನ ಸಾಲಿನಲ್ಲಿದ್ದುದನ್ನು ಓದಿ ಹೇಳುತ್ತದೆ.
ಅಷ್ಟೇ ನಾನು.

ಸುಡೋ ಕಾರ್ಯದರ್ಶಿಗೆ ಮಾತ್ರ.
ಅದನ್ನು ಮುಂದಿಟ್ಟು ಅವರು ಇದನ್ನೇ ಕೇಳಿದರೆ
ರೂಟ್ ಎನ್ನುತ್ತದೆ, ನಂಬರು ಸೊನ್ನೆ, ಎಲ್ಲ ಬೀಗಕ್ಕೂ ಒಂದೇ ಕೈ.
ಆದರೆ ಲಾಗ್‌ನೇಮ್ ಎಂದು ಕೇಳಲಿ,
ಬಾಗಿಲಲ್ಲಿ ಚಪ್ಪಲಿ ಬಿಟ್ಟವರು ಯಾರೆಂದು
ಅದಕ್ಕೆ ನೆನಪಿದೆ.

ಎರಡು ಗಂಟೆಗೆ ನಿದ್ದೆ ಓಡಿಸಲು ಕಡತಗಳ ಪಟ್ಟಿ ತೆಗೆದೆ.
ಹದಿನಾಲ್ಕು ವರ್ಷ ಹಿಂದಿನ ಬಂಗುಡೆ ಸೀಸನಿನ ಐಸ್ ಲೆಕ್ಕ.
ಮಾಲೀಕರು: ಸೆವ್ರಿನ್.
ಆಗ ನಾನು ಮೂರನೇ ಕ್ಲಾಸು,
ಹದಿನೇಳರ ಮಗ್ಗಿಗೆ ಅಳುತ್ತಿದ್ದವಳು.

ಮೆಲ್ಲಗೆ ಹೊಳೆಯಿತು.
ವಾಮನ ತಿಂಗಳಾಯರು ತೀರಿಕೊಂಡಾಗ
ರಿಜಿಸ್ಟರಿನಿಂದ ಅವರ ಸಾಲನ್ನು ತೆಗೆದರು, ಕಡತಗಳನ್ನು ಮುಟ್ಟಲಿಲ್ಲ.
ಎರಡು ಮಳೆಗಾಲ ಅವು
ಹೆಸರಿನ ಜಾಗದಲ್ಲಿ ಬರೀ ನಂಬರು ಹೊತ್ತು ಕೂತವು.
ಕೊನೆಯ ನಂಬರು ಅವರದಾಗಿತ್ತು.
ಅದೀಗ ಖಾಲಿ. ನಾನು ಬಂದೆ.

ಒಂದು ಕಡತದ ಹೆಸರು ಕೇಳಬಾರದ್ದು.
ಮಾಲೀಕರ ಹೊರತು ಯಾರೂ ಓದದಂತೆ ಚಿಲಕ.
ತೆರೆದೆ, ತೆರೆಯಿತು.

ಕುಸುಮ ಪಡುಕೆರೆ, ಅರ್ಧ ಬ್ಲಾಕು, ಗಂಡ ಆಸ್ಪತ್ರೆಯಲ್ಲಿ. ನನ್ನ ಲೆಕ್ಕ.
ಅಪ್ಪಿ, ಕಾಲು ಬ್ಲಾಕು, ಬೂತಾಯಿ ಹಾಳಾಯಿತು. ನನ್ನ ಲೆಕ್ಕ.
ಬೇಬಿ, ಒಂದು, ಕಾರಣ ಹೇಳಲಿಲ್ಲ. ನನ್ನ ಲೆಕ್ಕ.

ಒಂಬತ್ತು ವರ್ಷದ್ದು, ಹೀಗೆ.
ಸಂಬಳದಿಂದ ಕಳೆದ ಮೊತ್ತ ಪ್ರತಿ ತಿಂಗಳ ಕೊನೆಗೆ.
ಓದುತ್ತ ಕುತ್ತಿಗೆ ಬಿಸಿಯಾಯಿತು,
ಮಲಗಿದವರ ಜೇಬಿಗೆ ಕೈ ಹಾಕಿದ ಹಾಗೆ.
ಕಾರ್ಯದರ್ಶಿಗೆ ಹೇಳಿ ನಂಬರು ಬದಲಿಸಿಕೊಳ್ಳಬೇಕು,
ಬೆಳಗಾಗಲಿ, ಹೇಳುತ್ತೇನೆ ಅಂದುಕೊಂಡೆ.

ನಾಲ್ಕೂವರೆಗೆ ಕಿಟಕಿ ಬಡಿದ ಸದ್ದು.
ಏರ್? ಎಂದೆ ಕತ್ತಲೆಗೆ.
ಯಾನ್, ಎಂದಿತು ಕತ್ತಲೆ.
ಇಲ್ಲಿ ಎಲ್ಲರೂ ಹೀಗೇ.
ನಾನು ಎಂದರೆ ಸಾಕು, ಉಳಿದದ್ದು ದನಿಗೆ ಬಿಟ್ಟದ್ದು.
ಆ ರಿಜಿಸ್ಟರು ನನಗಿನ್ನೂ ಓದಲು ಬಾರದು.
ಅರ್ಧ ಬ್ಲಾಕು ಕೊಡು ಮಗಾ, ದುಡ್ಡು…
ಎಂದು ಮುಂದಿನದನ್ನು ನುಂಗಿದಳು,
ಬುಟ್ಟಿಯನ್ನು ಸೊಂಟದಿಂದ ಸೊಂಟಕ್ಕೆ ಬದಲಿಸಿದಳು.

ಅವಳು ಹೋದ ಮೇಲೆ ಹೆಸರು ಕೇಳದ್ದು ನೆನಪಾಯಿತು.
ಬೆರಳು ಮರಗಟ್ಟಿತ್ತು, ಕೀಲಿಮಣೆಯೆಲ್ಲ ಐಸ್ ನೀರು.
ಕೊನೆಯ ಸಾಲಿನ ಕೆಳಗೆ ಟೈಪಿಸಿದೆ:
ಯಾನ್, ಅರ್ಧ ಬ್ಲಾಕು.
ಸ್ವಲ್ಪ ಹೊತ್ತು ಕರ್ಸರು ಮಿಟುಕಿಸುತ್ತ ಕಾದಿತು.
ನನ್ನ ಲೆಕ್ಕ.